ಆಟದ ಬಂದೂಕಿಗೆ ಕಾಲದ ಬಣ್ಣ

ಹಳೆಯ ವಸ್ತುವನ್ನು ತಿಕ್ಕಿ ತೊಳೆದು ಹೊಸದರಂತೆ ಹೊಳೆಯಿಸುವ ವಿದ್ಯೆ ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ನಿನ್ನೆ ಮೊನ್ನೆ ಕಾರ್ಖಾನೆಯ ಅಚ್ಚಿನಿಂದ ಹೊರಬಿದ್ದ ವಸ್ತುವೊಂದಕ್ಕೆ ನಾಲ್ಕೈದು ದಶಕಗಳ ಬಳಕೆಯಿಂದ ಮಾತ್ರ ಲಭಿಸತಕ್ಕ ಗಾಂಭೀರ್ಯವನ್ನು ಕೈಯಾರೆ ತಂದುಕೊಡುವ ವಿದ್ಯೆ ಅದಕ್ಕಿಂತ ವಿರಳವಾದದ್ದು, ಅದಕ್ಕಿಂತ ಕಠಿನವಾದದ್ದು. ಏರ್‌ಸಾಫ್ಟ್ ಎಂದು ಹೆಸರಾಗಿರುವ ಆಟದ ಬಂದೂಕುಗಳ ಲೋಕದಲ್ಲಿ ಈ ವಿದ್ಯೆಯು ಕಳೆದ ಕೆಲವು ದಶಕಗಳಲ್ಲಿ ಒಂದು ಸ್ವತಂತ್ರ ಕಲೆಯಾಗಿಯೇ ಬೆಳೆದಿದೆ. ಆರು ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡುಗಳನ್ನು ಅನಿಲದ ಒತ್ತಡದಿಂದಲೋ, ಬ್ಯಾಟರಿಯ ಬಲದಿಂದ ಚಲಿಸುವ ಪಿಸ್ಟನ್ನಿನಿಂದಲೋ ಹಾರಿಸುವ ಈ ಬಂದೂಕುಗಳು ಹೊರ ಆಕಾರದಲ್ಲಿ ನಿಜವಾದ ಆಯುಧಗಳ ಯಥಾವತ್ ಪ್ರತಿಕೃತಿಗಳು. ಆಕಾರ ಯಥಾವತ್ತಾಗಿದ್ದರೂ ಅವುಗಳ ಮೈ ಮಾತ್ರ ಆಟಿಕೆಯ ಮೈ: ಎಲ್ಲೆಡೆಯೂ ಒಂದೇ ಸಮನಾದ, ಜೀವವಿಲ್ಲದ ಕಪ್ಪು. ಆ ಕಪ್ಪನ್ನು ಕಳೆದು ಉಕ್ಕಿನ ತಣ್ಣನೆಯ ಛಾಯೆಯನ್ನೂ ದೀರ್ಘಕಾಲದ ಬಳಕೆಯ ಸವೆತವನ್ನೂ ಅದರ ಮೇಲೆ ಮೂಡಿಸಲು ಹವ್ಯಾಸಿಗಳು ಪಡುವ ಶ್ರಮವನ್ನು ನೋಡಿದವರಿಗೆ, ಇದು ಕೇವಲ ಬಣ್ಣ ಬಳಿಯುವ ಕೆಲಸವಲ್ಲವೆಂಬುದು ಮನದಟ್ಟಾಗುತ್ತದೆ.

ಈ ಕಲೆಯ ತೌರುಮನೆ ಜಪಾನ್. ಅಲ್ಲಿ ಇದು ಇಷ್ಟು ಸೂಕ್ಷ್ಮವಾಗಿ ಬೆಳೆಯಲು ಕಾರಣವಾದದ್ದು ಅಲ್ಲಿನ ಕಾನೂನು. ನಾಗರಿಕರ ಕೈಗೆ ಬಂದೂಕು ಸಿಗುವುದು ಬಹು ದುರ್ಲಭವಾದ ಆ ದೇಶದಲ್ಲಿ, ಗುಂಡು ಹಾರಿಸದ, ಆದರೆ ಒಳಗಿನ ಯಂತ್ರವೆಲ್ಲ ನಿಜದಂತೆಯೇ ಚಲಿಸುವ ಲೋಹದ ಮಾದರಿ ಬಂದೂಕುಗಳು 1960ರ ದಶಕದಲ್ಲಿ ಬಹಳ ಜನಪ್ರಿಯವಾಗಿದ್ದುವು. ಅವುಗಳನ್ನು ತೋರಿಸಿ ಜನರನ್ನು ಬೆದರಿಸುವ ಅಪರಾಧಗಳು ನಡೆದ ಮೇಲೆ, 1971ರಲ್ಲಿ ಕಾನೂನು ತಿದ್ದುಪಡಿಯಾಗಿ, ಲೋಹದಿಂದ ಮಾಡಿದ ಪಿಸ್ತೂಲಿನ ಮಾದರಿಗಳ ನಳಿಗೆಯನ್ನು ಪೂರ್ತಿ ಮುಚ್ಚಿರಬೇಕೆಂದೂ, ಅವುಗಳ ಮೈಗೆ ಬಿಳಿಯ ಅಥವಾ ಹಳದಿಯ ಬಣ್ಣವಿರಬೇಕೆಂದೂ ವಿಧಿಸಲಾಯಿತು. 1977ರಲ್ಲಿ ನಿರ್ಬಂಧಗಳು ಇನ್ನಷ್ಟು ಬಿಗಿಯಾದುವು. ಹಳದಿ ಬಣ್ಣದ ಪಿಸ್ತೂಲನ್ನು ಕೈಯಲ್ಲಿ ಹಿಡಿದು ತೃಪ್ತಿಪಡಲಾರದ ತಯಾರಕರು ಲೋಹವನ್ನು ಬಿಟ್ಟು ಪ್ಲಾಸ್ಟಿಕ್ಕಿನ ಕಡೆಗೆ ತಿರುಗಿದರು. ಏಕೆಂದರೆ ಪ್ಲಾಸ್ಟಿಕ್ಕಿನ ಪಿಸ್ತೂಲು ಕಪ್ಪಾಗಿರುವುದಕ್ಕೆ ಅಡ್ಡಿಯಿರಲಿಲ್ಲ. 1991ರಲ್ಲಿ ಟೋಕಿಯೋ ಮರುಯಿ ಸಂಸ್ಥೆಯು ಫ್ರಾನ್ಸಿನ ಫಾಮಾಸ್ ರೈಫಲ್ಲಿನ ಮಾದರಿಯಲ್ಲಿ ವಿದ್ಯುತ್ ಚಾಲಿತ ಬಂದೂಕನ್ನು ಹೊರತಂದಾಗ ಆಟದ ಸ್ವರೂಪವೇ ಬದಲಾಯಿತು. ಲೋಹವನ್ನು ಕಾನೂನು ಕಿತ್ತುಕೊಂಡಿತು. ಲೋಹದ ಮೇಲಣ ಪ್ರೀತಿಯನ್ನು ಕಿತ್ತುಕೊಳ್ಳಲು ಯಾವ ಕಾನೂನಿಗೂ ಆಗಲಿಲ್ಲ. ಲೋಹವಲ್ಲದ್ದನ್ನು ಲೋಹವೆಂದು ಕಣ್ಣಿಗೆ ನಂಬಿಸುವ ವಿದ್ಯೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಅದರ ಒಂದು ಫಲವಾಗಿ ‘ಹೆವಿ ವೆಯ್ಟ್’ ಎಂಬ ಹೆಸರಿನ ವಿಶಿಷ್ಟ ದ್ರವ್ಯವೊಂದು ಬಳಕೆಗೆ ಬಂದಿತು: ಎಬಿಎಸ್ ಪ್ಲಾಸ್ಟಿಕ್ಕಿನೊಡನೆ ಲೋಹದ ನುಣ್ಣನೆಯ ಪುಡಿಯನ್ನು ಬೆರೆಸಿ ಎರಕ ಹೊಯ್ದದ್ದು. ಕೈಗೆ ಇದು ಭಾರ, ಬೆರಳಿಗೆ ತಣ್ಣಗೆ. ಅದಕ್ಕಿಂತ ಮುಖ್ಯವಾಗಿ, ಇದರ ಮೇಲ್ಮೈಯನ್ನು ಉಜ್ಜಿದರೆ ಒಳಗಿನ ಲೋಹದ ಕಣಗಳು ಹೊರಗೆ ಮುಖ ತೋರುತ್ತವೆ.

ನಕಲು ಮಾಡುವ ಮುನ್ನ ಅಸಲು ಹೇಗಿರುತ್ತದೆಂಬುದನ್ನು ಅರಿಯಬೇಕಷ್ಟೆ. ನಿಜವಾದ ಬಂದೂಕಿನ ಕಪ್ಪು ಬಳಿದ ಬಣ್ಣವಲ್ಲ. ಅದು ಉಕ್ಕಿನ ಮೈಯೇ ಪಡೆದ ವಿಕಾರ. ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಲವಣಗಳ ಕುದಿಯುವ ದ್ರಾವಣದಲ್ಲಿ, ನೀರಿನ ಕುದಿಬಿಂದುವಿಗಿಂತ ಬಹಳ ಮೇಲಿನ ಉಷ್ಣತೆಯಲ್ಲಿ, ಉಕ್ಕನ್ನು ಮುಳುಗಿಸಿದಾಗ ಅದರ ಹೊರಪದರವು ಮ್ಯಾಗ್ನಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡಾಗಿ ಪರಿಣಮಿಸುತ್ತದೆ. ಈ ಪದರದ ದಪ್ಪ ಕೆಲವೇ ಮೈಕ್ರಾನುಗಳು. ಅದರಡಿ ಉಕ್ಕು ಎಷ್ಟು ನುಣುಪಾಗಿತ್ತೋ ಅಷ್ಟೇ ಆಳವಾದ ನೀಲಗಪ್ಪು ಮೇಲೆ ತೋರುತ್ತದೆ. ಇದಕ್ಕೆ ಬ್ಲೂಯಿಂಗ್ ಎಂದು ಹೆಸರು. ಇದಕ್ಕಿಂತ ಭಿನ್ನವಾದದ್ದು ಪಾರ್ಕರೈಸಿಂಗ್: ಫಾಸ್ಫೇಟಿನ ಬಿಸಿ ದ್ರಾವಣದಲ್ಲಿ ಅದ್ದಿ ತೆಗೆದ ಉಕ್ಕು ಹೊಳಪಿಲ್ಲದ, ಎಣ್ಣೆಯನ್ನು ಹೀರಿಕೊಳ್ಳುವ, ಕೆಲವೊಮ್ಮೆ ಹಸುರಿಗೆ ತಿರುಗುವ ಬೂದುಬಣ್ಣವನ್ನು ತಳೆಯುತ್ತದೆ. ಅಮೆರಿಕದ ಸೈನ್ಯ 1911ರಲ್ಲಿ ಸ್ವೀಕರಿಸಿದ ಕೋಲ್ಟ್ ಪಿಸ್ತೂಲು ಮೊದಲು ನೀಲಗಪ್ಪಾಗಿಯೇ ಇತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದೇ ಪಿಸ್ತೂಲು ಬೂದುಬಣ್ಣದ ಫಾಸ್ಫೇಟನ್ನು ಹೊದ್ದಿತ್ತು. ಇನ್ನು ಎಂ 16 ರೈಫಲ್ಲಿನ ಒಡಲು ಉಕ್ಕೇ ಅಲ್ಲ, ಅಲ್ಯೂಮಿನಿಯಂ. ಯಾವ ಕಾಲದ, ಯಾವ ದೇಶದ, ಯಾವ ಆಯುಧವೆಂಬುದನ್ನು ನಿಶ್ಚಯಿಸಿಕೊಳ್ಳದೆ ಕುಂಚವನ್ನು ಕೈಗೆತ್ತಿಕೊಂಡವನ ಕೆಲಸ ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತದೆ. ಎಂ 16ರ ಮಾದರಿಯ ಒಡಲಿಗೆ ಕೆಂಪು ತುಕ್ಕನ್ನು ಬಳಿದಿರುವ ಎಷ್ಟೋ ಪ್ರತಿಕೃತಿಗಳನ್ನು ನಾವು ಕಾಣುತ್ತೇವೆ. ಬಳಿದವರ ಕೈಚಳಕ ಮೆಚ್ಚತಕ್ಕದ್ದೇ ಆಗಿದ್ದರೂ, ಅಲ್ಯೂಮಿನಿಯಂ ಎಂದಿಗೂ ಕೆಂಪಗೆ ತುಕ್ಕು ಹಿಡಿಯದೆಂಬ ಒಂದೇ ಸಂಗತಿ ಆ ಶ್ರಮವನ್ನೆಲ್ಲ ನಿಷ್ಫಲವಾಗಿಸುತ್ತದೆ.

ಸವೆತದ ವಿಷಯದಲ್ಲಿಯಂತೂ ಈ ವಿವೇಕ ಇಮ್ಮಡಿಯಾಗಿ ಬೇಕು. ಕಾಲವು ವಸ್ತುವನ್ನು ಎಲ್ಲೆಂದರಲ್ಲಿ ಸವೆಸುವುದಿಲ್ಲ. ಕೈ ಎಲ್ಲಿ ಹಿಡಿಯಿತೋ, ಚರ್ಮ ಎಲ್ಲಿ ಉಜ್ಜಿತೋ, ಲೋಹಕ್ಕೆ ಲೋಹ ಎಲ್ಲಿ ತಾಗಿತೋ, ಅಲ್ಲಲ್ಲಿ ಮಾತ್ರ ಸವೆಸುತ್ತದೆ. ಹಳೆಯ ಮನೆಯ ಹೆಬ್ಬಾಗಿಲಲ್ಲಿ ಚಿಲಕದ ಸುತ್ತಣ ಅಂಗೈಯಗಲದ ಮರ ಮಾತ್ರ ನುಣುಪಾಗಿ ಮಿರುಗುತ್ತ, ಉಳಿದ ಹಲಗೆಯೆಲ್ಲ ಒರಟಾಗಿಯೇ ಇರುವಂತೆ, ಬಂದೂಕಿನ ಮೈಮೇಲೂ ಬಳಕೆಯು ತನ್ನದೇ ಆದ ನಕ್ಷೆಯನ್ನು ಬರೆಯುತ್ತದೆ. ಸೊಂಟದ ಒರೆಯಲ್ಲಿ ವರ್ಷಗಟ್ಟಲೆ ಇದ್ದ ಪಿಸ್ತೂಲಿನ ಬಾಯಿಯ ಅಂಚುಗಳೂ, ಮೇಲ್ಗಡೆ ಹಿಂದಕ್ಕೂ ಮುಂದಕ್ಕೂ ಸರಿಯುವ ಸ್ಲೈಡಿನ ಮುಂಭಾಗದ ಎರಡು ಪಕ್ಕಗಳೂ ಬೆಳ್ಳಗಾಗಿರುತ್ತವೆ; ಅದು ಒರೆಯೊಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಚರ್ಮ ಉಜ್ಜಿದ ಗುರುತು. ಹಿಡಿಯ ಮುಂಭಾಗದಲ್ಲಿ, ಬೆರಳುಗಳು ಸುತ್ತಿಕೊಳ್ಳುವೆಡೆಯಲ್ಲಿ, ಬೆವರಿನ ಉಪ್ಪಿನಿಂದ ನೀಲಗಪ್ಪು ಕರಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಕೋಲ್ಟ್ ಪಿಸ್ತೂಲುಗಳಲ್ಲಿ ಎಡಪಕ್ಕದ ಸ್ಲೈಡ್ ತಡೆಯ ಕೆಳಗೆ ಬಿಲ್ಲಿನಾಕಾರದ ಸಣ್ಣ ಗೀರೊಂದು ಅನೇಕ ವೇಳೆ ಕಾಣುವುದುಂಟು. ಅದು ಬಿಚ್ಚಿದ ಪಿಸ್ತೂಲನ್ನು ಯಾರೋ ಅವಸರದಿಂದ ಮರುಜೋಡಿಸಿದ್ದರ ಸಾಕ್ಷಿ.

ಎಲ್ಲಕ್ಕಿಂತ ಮನೋಹರವಾದ ಉದಾಹರಣೆಯನ್ನು ಕಲಾಶ್ನಿಕೋವ್ ಬಂದೂಕಿನಲ್ಲಿ ಕಾಣಬಹುದು. ಅದರ ಬಲಪಕ್ಕದಲ್ಲಿ ಉದ್ದನೆಯ ತಗಡಿನ ಸನ್ನೆಯೊಂದಿದೆ. ಮೇಲಕ್ಕೆ ಒತ್ತಿದರೆ ಬಂದೂಕು ಭದ್ರ, ಕೆಳಕ್ಕೆ ಎಳೆದರೆ ಪ್ರಯೋಗಕ್ಕೆ ಸಿದ್ಧ. ಬಿಗಿಯಾಗಿ ಒಡಲಿಗೆ ಅಂಟಿಕೊಂಡೇ ತಿರುಗುವ ಆ ಸನ್ನೆಯು ಪ್ರತಿ ಸಲವೂ ಒಡಲಿನ ಮೇಲೆ ಒಂದೇ ಹಾದಿಯಲ್ಲಿ ಸರಿಯುವುದರಿಂದ, ಕಪ್ಪು ಲೇಪವನ್ನು ಕೆರೆದು ಉಕ್ಕಿನ ಬಿಳುಪನ್ನು ಹೊರಗೆಡಹುತ್ತ ಅಲ್ಲಿ ಒಂದು ಕಮಾನನ್ನು ಕೊರೆಯುತ್ತದೆ. ಹೆಚ್ಚು ಬಳಸಿದ ಬಂದೂಕಿನಲ್ಲಿ ಈ ಕಮಾನು ಕಾಣದೆ ಇರುವುದು ಬಹು ಅಪರೂಪ. ಇದನ್ನು ಬಲ್ಲ ಹವ್ಯಾಸಿ ತನ್ನ ಆಟದ ಬಂದೂಕಿನಲ್ಲಿ ಆ ಗೀರನ್ನು ಕುಂಚದಿಂದ ಬರೆಯಲು ಹೋಗುವುದಿಲ್ಲ. ಸನ್ನೆಯ ಹಿಂಬದಿಯ ಉಬ್ಬು ಒಡಲನ್ನು ತಾಗುವಂತೆ ಸ್ವಲ್ಪ ಬಿಗಿಗೊಳಿಸಿ, ಸಂಜೆಯ ಹೊತ್ತು ಕುಳಿತು ಅದನ್ನು ಮೇಲಕ್ಕೂ ಕೆಳಕ್ಕೂ ನೂರಾರು ಸಲ ಆಡಿಸುತ್ತಾನೆ. ಕಾಲವು ಮಾಡಬೇಕಾದುದನ್ನು ಕಾಲದ ಕ್ರಮದಿಂದಲೇ, ಆದರೆ ತುಸು ಬೇಗನೆ ಮಾಡಿಸುವುದು ಅವನ ಉದ್ದೇಶ. ಈ ವಿದ್ಯೆಯ ಪರಮ ರಹಸ್ಯವೆಂದರೆ ಇದೇ ಎಂದು ನನ್ನ ಅಭಿಪ್ರಾಯ: ಸವೆತದ ಚಿತ್ರವನ್ನು ಬರೆಯುವುದಲ್ಲ, ಸವೆತದ ಕಾರಣವನ್ನು ಪುನಃ ಸೃಷ್ಟಿಸುವುದು.

ಹೆವಿ ವೆಯ್ಟ್ ಪಿಸ್ತೂಲಿನ ಸಂಸ್ಕಾರವು ಹತ್ತಿರದಿಂದ ನೋಡತಕ್ಕಂಥದು. ಮೊದಲಿಗೆ ಪಿಸ್ತೂಲನ್ನು ಪೂರ್ತಿ ಬಿಚ್ಚಿ, ಒಳಗಿನ ಯಂತ್ರಭಾಗಗಳನ್ನೂ ರಬ್ಬರಿನ ಬಿರಡೆಗಳನ್ನೂ ಬೇರೆಯಾಗಿ ತೆಗೆದಿರಿಸುತ್ತಾರೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರು ಊದಿ ಕೆಡುವುದಾದ್ದರಿಂದ ಆ ಭಾಗಗಳಿಗೆ ಸಿಲಿಕೋನ್ ಎಣ್ಣೆಯೊಂದೇ ಯೋಗ್ಯ. ಅನಂತರ ಹೊರಮೈಯನ್ನು 400ನೆಯ ಸಂಖ್ಯೆಯ ಎಮರಿ ಕಾಗದದಿಂದ ನೀರು ಹಾಕಿ ಉಜ್ಜಲು ಆರಂಭಿಸಿ, ಅಚ್ಚಿನ ಎರಡು ಹೋಳುಗಳು ಕೂಡುವೆಡೆಯಲ್ಲಿ ಉಳಿದ ಸಣ್ಣ ಏಣನ್ನು ಅಳಿಸಿ, 600, 1000, 2000 ಎಂದು ಕ್ರಮವಾಗಿ ನುಣುಪಿನ ಕಡೆಗೆ ಸಾಗುತ್ತಾರೆ. ಇಲ್ಲಿ ಎಚ್ಚರಿಕೆಯೆಂದರೆ ಮೂಲೆಗಳು ಉರುಟಾಗಬಾರದು. ಬೆರಳಿನಿಂದಲೇ ಒತ್ತಿ ಉಜ್ಜಿದರೆ ಅಂಚುಗಳು ಕರಗಿ ಪಿಸ್ತೂಲು ಸಾಬೂನಿನ ಬಿಲ್ಲೆಯಾಗಿಬಿಡುವುದರಿಂದ, ಕಾಗದದ ಹಿಂದೆ ಚಪ್ಪಟೆಯಾದ ಮರದ ತುಂಡನ್ನು ಇಟ್ಟುಕೊಂಡೇ ಉಜ್ಜತಕ್ಕದ್ದು. ನುಣುಪು ಬಂದ ಮೇಲೆ ಮೈಯನ್ನು ಆಲ್ಕೊಹಾಲಿನಿಂದ ಒರೆಸಿ, ಕೈಗವಸು ತೊಟ್ಟ ಬೆರಳಿನಿಂದಲ್ಲದೆ ಮುಟ್ಟುವುದಿಲ್ಲ. ಒಂದು ಬೆರಳ ಗುರುತು ಉಳಿದರೂ ಅಲ್ಲಿ ಬಣ್ಣ ಹಿಡಿಯದು.

ಆಮೇಲೆ ಬರುವುದು ತಣ್ಣನೆಯ ಬ್ಲೂಯಿಂಗ್ ದ್ರವ. ಸೆಲೆನಿಯಂ ಮತ್ತು ತಾಮ್ರದ ಸಂಯುಕ್ತಗಳಿರುವ ಈ ಆಮ್ಲೀಯ ದ್ರವವನ್ನು ಹತ್ತಿಯ ಉಂಡೆಯಿಂದ ಹಚ್ಚಿದ ಕ್ಷಣಕ್ಕೆ ಲೋಹದ ಬೂದು ಮೋಡ ಕವಿದಂತೆ ಮಂಕಾಗಿ, ಕಂದಾಗಿ, ನೋಡುತ್ತಿರುವಂತೆಯೇ ನೀಲಿಗೆ ತಿರುಗಿ, ನೀಲಿಯಿಂದ ಕಪ್ಪಿಗೆ ಇಳಿಯುತ್ತದೆ. ಬಣ್ಣ ಬೇಕಾದ ಹಂತಕ್ಕೆ ಬಂದೊಡನೆ ನೀರಿನಲ್ಲಿ ತೊಳೆದು, ಒಣಗಿಸಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿ, ಮತ್ತೆ ಹಚ್ಚುತ್ತಾರೆ. ಒಂದೇ ಸಲಕ್ಕೆ ದಟ್ಟವಾಗಿ ಬಳಿದರೆ ಮಸಿ ಹಿಡಿದಂತಾಗಿ ಕೈಗೆ ಅಂಟುತ್ತದೆ. ತೆಳುವಾಗಿ ಮರಳಿ ಮರಳಿ ಹಚ್ಚಿದರೆ ಮಾತ್ರ ಆಳ ಬರುತ್ತದೆ. ಕೊನೆಯಲ್ಲಿ ತೆಳುವಾದ ಎಣ್ಣೆಯ ಲೇಪ, ಒಂದು ರಾತ್ರಿಯ ವಿಶ್ರಾಂತಿ. ಮರುದಿನ ಲೋಹಕ್ಕೆ ಹೊಳಪು ಕೊಡುವ ಲೇಹವನ್ನು ಬಟ್ಟೆಯ ತುದಿಗೆ ತಾಗಿಸಿಕೊಂಡು, ಒರೆ ಎಲ್ಲಿ ಉಜ್ಜುತ್ತಿತ್ತೋ, ಹೆಬ್ಬೆರಳು ಎಲ್ಲಿ ಕೂರುತ್ತಿತ್ತೋ ಅಲ್ಲಿ ಮಾತ್ರ ನಿಧಾನವಾಗಿ ತಿಕ್ಕಿದಾಗ, ಕಪ್ಪಿನಡಿಯಿಂದ ಬೆಳ್ಳಿಯಂತಹ ಬಿಳುಪು ಅಂಚಿಲ್ಲದೆ, ಕಪ್ಪಿನೊಳಗೆ ಕರಗಿಹೋಗುವಂತೆ ಮೂಡುತ್ತದೆ. ಕುಂಚದಿಂದ ಬರೆದ ಸವೆತಕ್ಕೆ ಅಂಚಿರುತ್ತದೆ, ಉಜ್ಜಿ ಬಂದ ಸವೆತಕ್ಕೆ ಅಂಚಿರುವುದಿಲ್ಲ. ಬಲ್ಲವರ ಕಣ್ಣು ಮೊದಲು ಹುಡುಕುವುದು ಇದನ್ನೇ. ಸೆಲೆನಿಯಂ ವಿಷವಾದ್ದರಿಂದ ಈ ಕೆಲಸವನ್ನು ಗಾಳಿಯಾಡುವ ಸ್ಥಳದಲ್ಲಿ, ಕೈಗವಸು ತೊಟ್ಟು, ಮಕ್ಕಳಿಗೆ ಎಟುಕದಂತೆ ಮಾಡತಕ್ಕದ್ದು. ದ್ರವವನ್ನು ಅಡಿಗೆಮನೆಯ ಯಾವ ಪಾತ್ರೆಯಲ್ಲಿಯೂ ಸುರಿಯಕೂಡದು.

ಸಾಧಾರಣ ಪ್ಲಾಸ್ಟಿಕ್ಕಿನಲ್ಲಿ ಲೋಹದ ಕಣವಿಲ್ಲ. ಅಲ್ಲಿ ರಾಸಾಯನಿಕ ಕ್ರಿಯೆಗೆ ಎಡೆಯಿಲ್ಲ. ಆದುದರಿಂದ ಅಲ್ಲಿ ಪದರಗಳ ಉಪಾಯ: ಮೊದಲು ಬೆಳ್ಳಿಯ ಬಣ್ಣದ ಗಟ್ಟಿ ಲೇಪ, ಅದು ಚೆನ್ನಾಗಿ ಆರಿದ ಮೇಲೆ ಅದರ ಮೇಲೆ ತೆಳುವಾದ ಕಪ್ಪು, ಆ ಬಳಿಕ ಕಪ್ಪನ್ನು ಸವೆಯತಕ್ಕ ಜಾಗಗಳಲ್ಲಿ ಉಜ್ಜಿ ತೆಗೆಯುವುದು. ಜಪಾನೀಯರಿಗೆ ಈ ಉಪಾಯ ಹೊಸದೇನೂ ಅಲ್ಲ. ವಾಕಯಾಮಾ ಪ್ರಾಂತದ ನೆಗೊರೋ ದೇವಾಲಯದ ಹೆಸರನ್ನು ಹೊತ್ತ ಅರಗಿನ ಪಾತ್ರೆಗಳಲ್ಲಿ ಕಪ್ಪು ಅರಗಿನ ಮೇಲೆ ಕೆಂಪು ಅರಗನ್ನು ಲೇಪಿಸುವ ಪದ್ಧತಿ ಶತಮಾನಗಳಷ್ಟು ಹಿಂದಿನದು. ಭಿಕ್ಷುಗಳ ಕೈ ತಾಗಿ ತಾಗಿ ಕೆಂಪು ಸವೆದು ಒಳಗಿನ ಕಪ್ಪು ಅಲ್ಲಲ್ಲಿ ಹೊರತೋರಿದ ಪಾತ್ರೆಗಳನ್ನೇ ರಸಿಕರು ಹೆಚ್ಚು ಆದರಿಸಿದರು. 1585ರಲ್ಲಿ ಜಪಾನಿನ ದಂಡನಾಯಕ ಹಿದೆಯೋಶಿಯ ಸೈನ್ಯ ಆ ದೇವಾಲಯವನ್ನು ಧ್ವಂಸಮಾಡಿದರೂ ಆ ರುಚಿ ಅಳಿಯಲಿಲ್ಲ. ಉಜ್ಜಿ ಒಳಗಿನ ಬಣ್ಣವನ್ನು ತೋರಿಸುವ ಕೆಲಸ ಅದರ ತರುವಾಯವೂ ನಡೆದುಬಂದಿತು. ಕಪ್ಪಿನಡಿಯ ಬೆಳ್ಳಿಯನ್ನು ಹೊರತರುವ ಹವ್ಯಾಸಿಯು ತನ್ನ ನಾಡಿನ ಒಂದು ಹಳೆಯ ವಿವೇಕವನ್ನೇ ಮುಂದುವರಿಸುತ್ತಿದ್ದಾನೆ. ಪದರಗಳ ಗೊಡವೆ ಬೇಡವೆನ್ನುವವರಿಗೆ ಸೀಸದ ಕಡ್ಡಿಯ ಪುಡಿ ಸಾಕು: ಮಂಕು ಕಪ್ಪಿನ ಪ್ಲಾಸ್ಟಿಕ್ಕಿನ ಅಂಚುಗಳ ಮೇಲೆ ಗ್ರಾಫೈಟನ್ನು ಬೆರಳ ತುದಿಯಿಂದ ತೀಡಿದರೆ, ಉಕ್ಕಿನ ಬೂದು ಹೊಳಪು ಆಶ್ಚರ್ಯಕರವಾಗಿ ಬರುತ್ತದೆ. ಇಷ್ಟು ಅಗ್ಗವಾದ, ಇಷ್ಟು ಸಫಲವಾದ ಉಪಾಯ ಇನ್ನೊಂದಿಲ್ಲ.

ಜಪಾನಿನ ಹೊರಗೆ, ಮುಖ್ಯವಾಗಿ ತೈವಾನ್ ಹಾಂಗ್‌ಕಾಂಗುಗಳಲ್ಲಿ, ಲೋಹದ ಒಡಲಿನ ಏರ್‌ಸಾಫ್ಟ್ ಬಂದೂಕುಗಳೂ ಬಿಡಿಭಾಗಗಳೂ ತಯಾರಾಗುತ್ತವೆ. ಅವುಗಳಲ್ಲಿ ಉಕ್ಕು ಕಡಮೆ. ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಲೋಹವೇ ಹೆಚ್ಚು. ಸತುವನ್ನು ಕಪ್ಪಾಗಿಸುವ ಈ ಪ್ರಸಂಗಕ್ಕೆ ಬಂದಾಗ ಕನ್ನಡಿಗನಾದವನಿಗೆ ಬೀದರ ನಗರ ನೆನಪಿಗೆ ಬರುವುದು ಸಹಜ, ನ್ಯಾಯವೂ ಹೌದು. ಬಿದರಿ ಪಾತ್ರೆಯ ಒಡಲು ಸತುವೇ. ಅದಕ್ಕೆ ಅಲ್ಪ ಪ್ರಮಾಣದ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಅದರಲ್ಲಿ ಕೂರಿಸಿ, ಕಡೆಯಲ್ಲಿ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಬಿಸಿಮಾಡಿ ಲೇಪಿಸಿದಾಗ, ಸತುವಿನ ಮೈ ಕಾಡಿಗೆಗಪ್ಪಾಗಿ, ಬೆಳ್ಳಿ ಮಾತ್ರ ಬಣ್ಣ ಕೆಡದೆ ಉಳಿಯುತ್ತದೆ. ಬಳಿಕ ಎಣ್ಣೆಯಿಂದ ಉಜ್ಜಿದಾಗ ಆ ಕಪ್ಪು ಇನ್ನೂ ಗಾಢವಾಗುತ್ತದೆ. ಈ ಪರಂಪರೆಯ ಕುಶಲಿಯಾದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆಟದ ಬಂದೂಕಿನ ಸತುವಿಗೆ ತಾಮ್ರದ ಬದಲು ಅಲ್ಯೂಮಿನಿಯಂ ಜೊತೆಗಾರನಾಗಿರುವುದರಿಂದ ಅದು ಬಿದರಿಯ ಕಪ್ಪನ್ನು ತಳೆಯಲಾರದು. ಸೀಸೆಯಲ್ಲಿ ದೊರೆಯುವ ದ್ರವ ಅದನ್ನು ಕ್ಷಣದಲ್ಲಿ ಕಪ್ಪಾಗಿಸಿದರೂ ಆ ಕಪ್ಪು ಸಡಿಲ. ತೊಳೆದು, ಉಕ್ಕಿನ ನಾರಿನಿಂದ ಹಗುರವಾಗಿ ತಿಕ್ಕಿ, ಮತ್ತೆ ಹಚ್ಚಿ, ಹೀಗೆ ಅನೇಕಾವರ್ತಿ ಮಾಡಿದ ಬಳಿಕವೇ ಅದು ನಿಲ್ಲುತ್ತದೆ. ಲೋಹವನ್ನು ಕಪ್ಪಾಗಿಸಿ ಅದರ ಗೌರವವನ್ನು ಹೆಚ್ಚಿಸುವ ವಿದ್ಯೆಯಲ್ಲಿ ನಮ್ಮ ನಾಡು ಯಾರಿಗೂ ಶಿಷ್ಯನಲ್ಲ ಎಂಬುದನ್ನು ಇಲ್ಲಿ ಹೇಳಿಯೇ ಮುಂದುವರಿಯಬೇಕೆನಿಸಿತು.

ಮರದ ಭಾಗಗಳಿಗೆ ಅಗಸೆಯೆಣ್ಣೆ ಉಜ್ಜುವುದು, ಸಂದುಗೊಂದುಗಳಿಗೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಕಂದು ಬಣ್ಣವನ್ನು ಹರಿಯಬಿಟ್ಟು ಮೇಲಿನದನ್ನು ಒರೆಸಿ ಕೊಳೆಯ ಭ್ರಮೆಯನ್ನು ಉಳಿಸುವುದು ಮುಂತಾದ ಉಪಕ್ರಮಗಳು ಎಲ್ಲರೂ ಬಲ್ಲವೇ. ಅವುಗಳಲ್ಲಿ ಕಲಿಯಬೇಕಾದದ್ದು ಹೆಚ್ಚಿಲ್ಲ. ಕಲಿಯಬೇಕಾದದ್ದು ಸಂಯಮ. ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಪ್ರತಿಯೊಂದು ಅಂಚನ್ನೂ ಬೆಳ್ಳಗೆ ಮಾಡಿ, ಪ್ರತಿಯೊಂದು ತಿರುಪಿನ ತಲೆಗೂ ತುಕ್ಕು ಬಳಿದು, ಶತಮಾನಗಳ ಕಾಲ ಹೊಲದಲ್ಲಿ ಹೂತಿದ್ದಂತೆ ಮಾಡಿಬಿಡುತ್ತಾರೆ. ಆದರೆ ಸೈನಿಕನ ಬಂದೂಕು ಅನಾದರದ ವಸ್ತುವಲ್ಲ. ಅದನ್ನು ಆತನು ದಿನವೂ ಒರೆಸುತ್ತಾನೆ, ಎಣ್ಣೆ ಹಾಕುತ್ತಾನೆ. ಅದರ ಮೇಲೆ ಆತನ ಪ್ರಾಣವೇ ನಿಂತಿರುತ್ತದೆ. ಅದರಲ್ಲಿ ಸವೆತ ಉಂಟು, ತುಕ್ಕು ಬಹಳ ಕಡಮೆ. ಬಳಕೆ ಉಂಟು, ಉಪೇಕ್ಷೆ ಇಲ್ಲ. ಸವೆತ ಬೇರೆ, ಕೊಳೆತ ಬೇರೆ ಎಂಬ ಭೇದವನ್ನು ಕಂಡುಕೊಂಡವನ ಕೆಲಸ ಬೇರೆಯವರ ಕೆಲಸದಿಂದ ದೂರದಲ್ಲಿಯೇ ಗುರುತು ಸಿಗುತ್ತದೆ. ಎಷ್ಟು ಮಾಡಬೇಕೆಂದು ತೋರುತ್ತದೆಯೋ ಅದರ ಅರ್ಧಕ್ಕೆ ನಿಲ್ಲಿಸಿ, ವಾರದ ಕಾಲ ಅದನ್ನು ಮೇಜಿನ ಮೇಲಿಟ್ಟು ನೋಡಿ, ಆಮೇಲೆ ಮುಂದುವರಿಯಬೇಕೋ ಬೇಡವೋ ಎಂದು ಯೋಚಿಸುವುದು ಒಳ್ಳೆಯದು. ಇನ್ನು ಆಟಕ್ಕೆ ಬಳಸುವ ಬಂದೂಕಾದರೆ, ಉಳಿದರ್ಧವನ್ನು ಆಟಕ್ಕೇ ಬಿಟ್ಟುಬಿಡಬಹುದು.

ಪ್ರತಿಕೃತಿ ಎಷ್ಟೆಷ್ಟು ನಿಜವೆನಿಸುತ್ತದೆಯೋ ಅದನ್ನು ಇಟ್ಟುಕೊಂಡವನ ಹೊಣೆಯೂ ಅಷ್ಟಷ್ಟು ಹೆಚ್ಚುತ್ತದೆ. ಈ ಮಾತನ್ನು ಉಪಚಾರಕ್ಕಾಗಿ ಹೇಳುತ್ತಿಲ್ಲ. 2014ರ ನವೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಉದ್ಯಾನವೊಂದರಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬನು ಏರ್‌ಸಾಫ್ಟ್ ಪಿಸ್ತೂಲನ್ನು ಹಿಡಿದು ಆಡುತ್ತಿದ್ದಾಗ ಪೊಲೀಸರ ಗುಂಡಿಗೆ ಬಲಿಯಾದನು. ಆಟಿಕೆಯೆಂದು ಸಾರತಕ್ಕ ಕಿತ್ತಳೆ ಬಣ್ಣದ ತುದಿ ಆ ಪಿಸ್ತೂಲಿಗೆ ಇರಲಿಲ್ಲ. ಆ ದೇಶದಲ್ಲಿ ಆಟದ ಬಂದೂಕುಗಳ ನಳಿಗೆಗೆ ಅಂಥ ಗುರುತಿರಬೇಕೆಂದು 1988ರ ಕಾಯಿದೆ ವಿಧಿಸಿದೆ. ಬ್ರಿಟನ್ನಿನಲ್ಲಿ 2007ರ ಅಕ್ಟೋಬರ್ 1ರಿಂದ, ಕಣ್ಣಿಗೆ ಹೊಡೆಯುವ ಬಣ್ಣದ ಆಟಿಕೆಯನ್ನು ನಿಜವೆಂದು ತೋರುವಂತೆ ಮಾರ್ಪಡಿಸುವುದೇ ಅಪರಾಧ. ಚಲನಚಿತ್ರ, ನಾಟಕ, ವಸ್ತುಸಂಗ್ರಹಾಲಯ, ಇತಿಹಾಸದ ಮರುಪ್ರದರ್ಶನ, ವ್ಯವಸ್ಥಿತವಾದ ಏರ್‌ಸಾಫ್ಟ್ ಆಟ ಮುಂತಾದುವಕ್ಕೆ ಮಾತ್ರ ವಿನಾಯಿತಿ ಉಂಟು. ಹೊರದೇಶಗಳಲ್ಲಿ ನೆಲಸಿ ಈ ಆಟದಲ್ಲಿ ತೊಡಗಿರುವ ಕನ್ನಡಿಗರು ತಾವಿರುವ ನಾಡಿನ ವಿಧಿಗಳನ್ನು ಮೊದಲು ಓದಿಕೊಳ್ಳಲಿ. ಇಲ್ಲಿಯೇ ಇದ್ದು ಇಂಥ ಪ್ರತಿಕೃತಿಯನ್ನು ತರಿಸಬೇಕೆಂದಿರುವವರು ಹಣ ಕಳುಹಿಸುವ ಮುನ್ನ ಕಾನೂನು ಬಲ್ಲವರನ್ನು ಕೇಳಿ ತಿಳಿಯಲಿ. ಕೈಕೆಲಸದಲ್ಲಿ ಪ್ರೀತಿಯಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಒಡಲನ್ನು ಮನಸ್ಸು ತಣಿಯುವಷ್ಟು ಹಳೆಯದಾಗಿಸಿರಿ, ಆದರೆ ನಳಿಗೆಯ ತುದಿಯ ಕಿತ್ತಳೆ ಬಣ್ಣವನ್ನು ಮುಟ್ಟಬೇಡಿರಿ, ಮುಗಿದ ಮೇಲೆ ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇರಿಸಿರಿ, ಪೆಟ್ಟಿಗೆಯಿಲ್ಲದೆ ಬೀದಿಗೆ ಒಯ್ಯಬೇಡಿರಿ, ಮಕ್ಕಳ ಕೈಗೆ ಎಂದಿಗೂ ಕೊಡಬೇಡಿರಿ.